ಅಂಚೆಚೀಟಿಯ ಹಿಂದಿನ ಎಂಜಲು

1888ರ ಅಕ್ಟೋಬರ್ ಕೊನೆಯಲ್ಲಿ ಲಂಡನ್ ಆಸ್ಪತ್ರೆಯ ಡಾಕ್ಟರ್ ಥಾಮಸ್ ಓಪನ್‌ಶಾ ಅವರಿಗೆ ಅಂಚೆಯಲ್ಲಿ ಒಂದು ಕಾಗದ ಬಂತು. ಅದಕ್ಕೂ ಎರಡು ವಾರ ಮೊದಲು ವೈಟ್‌ಚಾಪೆಲ್ ಬಡಾವಣೆಯ ಕಾವಲು ಸಮಿತಿಯ ಅಧ್ಯಕ್ಷ ಜಾರ್ಜ್ ಲಸ್ಕ್ ಎಂಬಾತನಿಗೆ ಯಾರೋ ಒಂದು ಸಣ್ಣ ಪೆಟ್ಟಿಗೆ ಕಳಿಸಿದ್ದರು. ಬಿಚ್ಚಿದರೆ ಒಳಗೆ ಅರ್ಧ ಕಿಡ್ನಿ. ಅದನ್ನು ಪರೀಕ್ಷಿಸಿದವರು ಓಪನ್‌ಶಾ. ಅವರ ಹೆಸರು ಪೇಪರುಗಳಲ್ಲಿ ಬಂದಿತ್ತು. ಈಗ ಕಾಗದ ಬರೆದವನು ಆ ಸುದ್ದಿ ಓದಿಕೊಂಡೇ ಪೆನ್ನು ಹಿಡಿದಿದ್ದ. ಕಾಗುಣಿತವನ್ನು ಕಂಡಾಪಟ್ಟೆ ಕೆಡಿಸಿ, ಡಾಕ್ಟರು ಹೇಳಿದ್ದು ಸರಿ, ಅದು ಎಡಗಡೆಯ ಕಿಡ್ನಿಯೇ ಎಂದು ಗೇಲಿ ಮಾಡಿ, ಕೆಳಗೆ ಜ್ಯಾಕ್ ದ ರಿಪ್ಪರ್ ಎಂದು ರುಜು ಹಾಕಿದ್ದ. ಲಕೋಟೆಗೆ ಅಂಚೆಚೀಟಿ ಅಂಟಿಸಿದ್ದ.

ಸುಮಾರು 113 ವರ್ಷಗಳ ನಂತರ ಆ ಅಂಚೆಚೀಟಿಗೆ ಎಲ್ಲಿಲ್ಲದ ಬೆಲೆ ಬಂತು. ಅಮೆರಿಕದ ಪತ್ತೇದಾರಿ ಕಾದಂಬರಿಗಾರ್ತಿ ಪೆಟ್ರೀಶಿಯಾ ಕಾರ್ನ್‌ವೆಲ್ ಸ್ವಂತ ಖರ್ಚಿನಲ್ಲಿ ತಜ್ಞರ ತಂಡ ಕಟ್ಟಿಕೊಂಡು ಲಂಡನ್ನಿಗೆ ಬಂದಿದ್ದರು. ಚೀಟಿಯ ಹಿಂಬದಿಯ ಗೋಂದಿನಲ್ಲಿ, ಲಕೋಟೆಯ ಮಡಿಕೆಯಲ್ಲಿ, ನೆಕ್ಕಿದವರ ಎಂಜಲು ಒಣಗಿ ಕೂತಿರಬಹುದು, ಎಂಜಲಿದ್ದರೆ ಕೋಶಗಳಿರಬಹುದು, ಕೋಶಗಳಿದ್ದರೆ ಡಿಎನ್‌ಎ ಇರಬಹುದು. 2002ರಲ್ಲಿ ಅವರ ಪುಸ್ತಕ ಹೊರಬಂತು. ಪ್ರಕರಣ ಮುಗಿಯಿತು ಎಂದು ಉಪಶೀರ್ಷಿಕೆಯಲ್ಲೇ ಸಾರಿತ್ತು. ಆರೋಪಿಯ ಹೆಸರು ವಾಲ್ಟರ್ ಸಿಕರ್ಟ್. ಬ್ರಿಟನ್ನಿನ ಆಧುನಿಕ ಚಿತ್ರಕಲೆಯ ಬಗ್ಗೆ ಬರೆಯುವವರು ಯಾರೂ ಬಿಟ್ಟು ಮುಂದೆ ಹೋಗಲಾಗದ ಕಲಾವಿದ.

ಸಿಕರ್ಟ್ ಹುಟ್ಟಿದ್ದು 1860ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಎಂಟು ವರ್ಷದವನಿದ್ದಾಗ ಕುಟುಂಬ ಇಂಗ್ಲೆಂಡಿಗೆ ಬಂತು. ಹದಿಹರೆಯ ಮುಗಿಯುವ ಹೊತ್ತಿಗೆ ನಾಟಕದ ಗೀಳು. ಸಣ್ಣಪುಟ್ಟ ಪಾತ್ರಗಳಲ್ಲಿ ಕಾಣಿಸಿಕೊಂಡ. ಆಮೇಲೆ ಚಿತ್ರಕಾರ ವಿಸ್ಲರ್‌ನ ಶಿಷ್ಯ, ಚಿತ್ರಕಾರ ದೆಗಾನ ಗೆಳೆಯ. ಸಂಗೀತ ಮಂದಿರಗಳ ಗ್ಯಾಲರಿ, ಬಾಡಿಗೆ ಕೋಣೆ, ಕಬ್ಬಿಣದ ಮಂಚ, ದಣಿದ ಹೆಂಗಸರು ಆತನ ಕ್ಯಾನ್ವಾಸಿಗೆ ಬಂದವು. ಕುಲೀನ ಮನೆಗಳ ಗೋಡೆಗೆ ಹೊಂದುವ ಚಿತ್ರಗಳಲ್ಲ. ಇಂದು ಗಡ್ಡ, ನಾಳೆ ನುಣ್ಣನೆ ತಲೆ, ನಾಡಿದ್ದು ಚೌಕುಳಿ ಸೂಟು ಎಂಬಂತೆ ವೇಷ ಬದಲಿಸುತ್ತಿದ್ದ. ಪತ್ರಿಕೆಗಳ ಸಂಪಾದಕರಿಗೆ ಕಾಗದ ಬರೆಯುವುದೆಂದರೆ ಆತನಿಗೆ ಹಬ್ಬ. 1942ರಲ್ಲಿ 81ರ ವಯಸ್ಸಿನಲ್ಲಿ ತೀರಿಕೊಂಡಾಗ ಯಾವ ಪೊಲೀಸ್ ಕಡತದಲ್ಲೂ ಆತನ ಹೆಸರು ಶಂಕಿತನೆಂದು ಇರಲಿಲ್ಲ.

ರಿಪ್ಪರ್‌ನ ಕೊಲೆಗಳ ವಿವರ ಚುಟುಕಾಗಿ ಸಾಕು. 1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ ಪೂರ್ವ ಲಂಡನ್ನಿನಲ್ಲಿ ಐವರು ಬಡ ಹೆಂಗಸರ ಕೊಲೆಯಾಯಿತು: ಮೇರಿ ಆನ್ ನಿಕಲ್ಸ್, ಆನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರಿನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ. ಐದೂ ಒಬ್ಬನದೇ ಕೆಲಸವೇ, ಇನ್ನೂ ಹೆಚ್ಚು ಜನ ಬಲಿಯಾದರೇ ಎಂಬ ವಾದ ನಿಂತಿಲ್ಲ. ಪೊಲೀಸರ ಕೈಯಲ್ಲಿ ಪ್ರಯೋಗಾಲಯ ಎಂಬುದೇ ಇರಲಿಲ್ಲ. ರಕ್ತದ ಗುಂಪುಗಳು ಗೊತ್ತಾದದ್ದು 1901ರ ಸುಮಾರಿಗೆ. ಕಲೆ ಮನುಷ್ಯರ ರಕ್ತದ್ದೋ ಕುರಿಯದ್ದೋ ಎಂದು ಹೇಳುವ ಪರೀಕ್ಷೆ ಬಂದದ್ದೂ ಆಗಲೇ. ಬೆರಳಚ್ಚಿನ ಕಚೇರಿ ಸ್ಕಾಟ್‌ಲೆಂಡ್ ಯಾರ್ಡ್‌ನಲ್ಲಿ ಶುರುವಾದದ್ದು 1901ರಲ್ಲಿ, ಅದೂ ಕಲ್ಕತ್ತಾದಲ್ಲಿ 1897ರಲ್ಲೇ ತೆರೆದಿದ್ದ ಕಚೇರಿಯ ಅನುಭವದ ಮೇಲೆ. ಹಾಗಾಗಿ ರಿಪ್ಪರ್ ಪ್ರಕರಣದಲ್ಲಿ ಇವತ್ತು ಮುಟ್ಟಿ ನೋಡಬಹುದಾದ ವಸ್ತು ಎಂದರೆ ಬಹುಮಟ್ಟಿಗೆ ಕಾಗದಗಳೇ. ಅವು ಮಾತ್ರ ರಾಶಿ ರಾಶಿ.

ಆ ರಾಶಿಯೇ ಮೊದಲ ತೊಡಕು. ಸೆಪ್ಟೆಂಬರ್ 27ರಂದು ಲಂಡನ್ನಿನ ಸೆಂಟ್ರಲ್ ನ್ಯೂಸ್ ಏಜೆನ್ಸಿಗೆ ಕೆಂಪು ಶಾಯಿಯ ಒಂದು ಕಾಗದ ಬಂತು. ಜ್ಯಾಕ್ ದ ರಿಪ್ಪರ್ ಎಂಬ ಹೆಸರು ಹುಟ್ಟಿದ್ದು ಅದರಲ್ಲೇ. ಪೊಲೀಸರು ಅದನ್ನು ಪೋಸ್ಟರ್ ಮಾಡಿ ಗೋಡೆಗೋಡೆಗೆ ಅಂಟಿಸಿದರು. ಕೂಡಲೇ ಊರೂರಿನಿಂದ ರಿಪ್ಪರ್‌ಗಳು ಕಾಗದ ಬರೆಯತೊಡಗಿದರು. ಬ್ರ್ಯಾಡ್‌ಫರ್ಡ್ ಪಟ್ಟಣದಲ್ಲಿ ಇಂಥ ಕಾಗದ ಬರೆದು ಸಿಕ್ಕಿಬಿದ್ದವಳು 21 ವರ್ಷದ ಒಬ್ಬ ಯುವತಿ. ಮೊದಲ ಕಾಗದವನ್ನು ಬರೆದದ್ದು ಅದೇ ನ್ಯೂಸ್ ಏಜೆನ್ಸಿಯ ಪತ್ರಕರ್ತ ಟಾಮ್ ಬುಲ್ಲಿಂಗ್ ಇರಬೇಕೆಂದು ಸ್ಕಾಟ್‌ಲೆಂಡ್ ಯಾರ್ಡಿನ ಹಳೆಯ ಅಧಿಕಾರಿ ಜಾನ್ ಲಿಟಲ್‌ಚೈಲ್ಡ್ 1913ರಲ್ಲಿ ಒಂದು ಖಾಸಗಿ ಪತ್ರದಲ್ಲಿ ಹೇಳಿದ್ದರು. 2018ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಆಂಡ್ರಿಯಾ ನಿನಿ 209 ರಿಪ್ಪರ್ ಬರಹಗಳನ್ನು ಕಂಪ್ಯೂಟರಿಗೆ ಹಾಕಿದರು. ಪಕ್ಕಪಕ್ಕದಲ್ಲಿ ಬರುವ ಪದಜೋಡಿಗಳು ಯಾವ ಯಾವ ಕಾಗದಗಳಲ್ಲಿ ಮರುಕಳಿಸುತ್ತವೆ ಎಂದು ಎಣಿಸಿದರು. ಆರಂಭದ ಕೆಂಪು ಶಾಯಿಯ ಕಾಗದ ಮತ್ತು ಅದರ ಬೆನ್ನಿಗೇ ಬಂದ ಒಂದು ಪೋಸ್ಟ್‌ಕಾರ್ಡ್, ಇವೆರಡೂ ಒಬ್ಬನೇ ಬರೆದದ್ದೆಂಬುದಕ್ಕೆ ಬಲವಾದ ಸೂಚನೆ ಸಿಕ್ಕಿತು. ಬುಲ್ಲಿಂಗ್ ತನಗೆ ಬಂತೆಂದು ನಕಲು ಮಾಡಿ ಪೊಲೀಸರಿಗೆ ಕಳಿಸಿದ್ದ ಇನ್ನೊಂದು ಕಾಗದವೂ ಅದೇ ಗುಂಪಿನತ್ತ ವಾಲುತ್ತಿತ್ತು. ಲಿಟಲ್‌ಚೈಲ್ಡ್ ಹೇಳಿದ್ದಕ್ಕೆ ಇದು ಚೆನ್ನಾಗಿಯೇ ಕೂಡಿಬರುತ್ತದೆ.

ಹಾಗಾದರೆ ಓಪನ್‌ಶಾ ಅವರಿಗೆ ಬಂದ ಕಾಗದ ಕೊಲೆಗಾರನದು ಎಂದು ನಂಬಲು ಏನು ಆಧಾರ? ರುಜು ಒಂದೇ. ಆ ರುಜುವನ್ನು ಆಗ ಇಂಗ್ಲೆಂಡಿನ ಅರ್ಧ ತುಂಟರು ಹಾಕುತ್ತಿದ್ದರು. ಕಾರ್ನ್‌ವೆಲ್ ಅವರ ಸರಪಳಿಯ ಮೊದಲ ಕೊಂಡಿ ಹೀಗಿದೆ. ಆದರೂ ವಾದಕ್ಕೆಂದು ಅದನ್ನು ಬಿಟ್ಟುಕೊಟ್ಟು ಡಿಎನ್‌ಎ ಏನು ಹೇಳಿತು ನೋಡೋಣ. ವಿಜ್ಞಾನದ ಹೆಸರಿನಲ್ಲಿ ಓದುಗರನ್ನು ಮಣಿಸಿದ್ದು ಅದೇ.

ನಮ್ಮ ಕೋಶದಲ್ಲಿ ಎರಡು ಕಡೆ ಡಿಎನ್‌ಎ ಇರುತ್ತದೆ. ಕೋಶಕೇಂದ್ರದಲ್ಲಿ ಇರುವುದು ಸುಮಾರು 300 ಕೋಟಿ ಅಕ್ಷರಗಳ ದೊಡ್ಡ ಗ್ರಂಥ; ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಅಪರಾಧಿಗಳನ್ನು ಕೋರ್ಟಿನಲ್ಲಿ ಗುರುತಿಸುವುದು ಇದರ ಬಲದ ಮೇಲೆ. ಇನ್ನೊಂದು ಮೈಟೊಕಾಂಡ್ರಿಯದೊಳಗಿನ ಚಿಕ್ಕ ಉಂಗುರ, ಬರೀ 16,569 ಅಕ್ಷರಗಳದು. ಆದರೆ ಒಂದೊಂದು ಕೋಶದಲ್ಲೂ ಇದರ ಪ್ರತಿಗಳು ನೂರಾರು, ಸಾವಿರಾರು. ಅದಕ್ಕೇ ಹಳೆಯ ಮೂಳೆ, ಕೂದಲು, ಒಣ ಎಂಜಲಿನಲ್ಲಿ ಕೇಂದ್ರದ ಡಿಎನ್‌ಎ ಚೂರುಚೂರಾಗಿ ಹೋದ ಮೇಲೂ ಮೈಟೊಕಾಂಡ್ರಿಯದ್ದು ಸಿಗುವ ಸಂಭವ ಹೆಚ್ಚು. ಓಪನ್‌ಶಾ ಕಾಗದದ ವಿಷಯದಲ್ಲಿ ಆದದ್ದೂ ಹೀಗೆಯೇ. ಕೇಂದ್ರದ ಡಿಎನ್‌ಎ ಪರೀಕ್ಷೆಗಳು ಬರಿಗೈಯಲ್ಲಿ ಬಂದವು. ಮೈಟೊಕಾಂಡ್ರಿಯದ ತುಣುಕು ಸಿಕ್ಕಿತು.

ಸಿಕ್ಕಿದ್ದು ಚಿಕ್ಕದು, ಹೇಳುವುದೂ ಚಿಕ್ಕದೇ. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ, ಬೆರೆಕೆಯಾಗದೆ ಬರುತ್ತದೆ. ಅಜ್ಜಿ, ತಾಯಿ, ಅಕ್ಕತಂಗಿ, ಅಣ್ಣತಮ್ಮ, ಚಿಕ್ಕಮ್ಮನ ಮಕ್ಕಳು, ಹೆಸರೂ ಗೊತ್ತಿಲ್ಲದ ದೂರದ ಹೆಣ್ಣುಸಾಲಿನ ನೆಂಟರು, ಎಲ್ಲರದೂ ಒಂದೇ. ಅದರಿಂದ ಒಬ್ಬನನ್ನು ಪಟ್ಟಿಯಿಂದ ಹೊರಗಿಡುವುದು ಸುಲಭ. ಇವನೇ ಎಂದು ಬೊಟ್ಟು ಮಾಡುವುದು ಆಗದ ಮಾತು. ಓಪನ್‌ಶಾ ಕಾಗದದ ತುಣುಕು ನೂರಕ್ಕೆ ತೊಂಬತ್ತೊಂಬತ್ತು ಜನರನ್ನು ಹೊರಗಿಡುತ್ತದೆ ಎಂಬುದು ಕಾರ್ನ್‌ವೆಲ್ ಕಡೆಯವರ ಲೆಕ್ಕ. ಕೇಳಿದರೆ ಎದೆ ಝಲ್ಲೆನ್ನುವ ಅಂಕಿ. ಆದರೆ ಆಗಿನ ಲಂಡನ್ನಿನ ಜನಸಂಖ್ಯೆ ಹೊರವಲಯವೂ ಸೇರಿ 50 ಲಕ್ಷದ ಮೇಲಿತ್ತು. ನೂರಕ್ಕೆ ಒಬ್ಬರೆಂದರೆ 50 ಸಾವಿರ ಜನ! ಹೆಂಗಸರು, ಮಕ್ಕಳನ್ನು ಬಿಟ್ಟರೂ ಸಾವಿರಾರು ಗಂಡಸರು ಉಳಿಯುತ್ತಾರೆ. ಸಿಕರ್ಟ್ ಅವರಲ್ಲಿ ಒಬ್ಬನಿರಬಹುದು. ಬರೆದವನು ಲಂಡನ್ನಿನವನೇ ಆಗಿರಬೇಕೆಂದೂ ಇಲ್ಲ.

ಇಲ್ಲಿ ನುಸುಳುವ ತಪ್ಪು ಕೋರ್ಟುಗಳಲ್ಲೂ ಜನರನ್ನು ಜೈಲಿಗೆ ಕಳಿಸಿದೆ. ‘ನಿರಪರಾಧಿಯೊಬ್ಬನ ಡಿಎನ್‌ಎ ಹೊಂದುವ ಸಂಭವ ನೂರಕ್ಕೆ ಒಂದು’ ಎಂಬುದೂ ‘ಡಿಎನ್‌ಎ ಹೊಂದಿದವನು ನಿರಪರಾಧಿಯಾಗಿರುವ ಸಂಭವ ನೂರಕ್ಕೆ ಒಂದು’ ಎಂಬುದೂ ಕಿವಿಗೆ ಒಂದೇ ಥರ ಕೇಳುತ್ತವೆ. ಎರಡಕ್ಕೂ ಅಜಗಜಾಂತರ. ಮೊದಲಿನದರಿಂದ ಎರಡನೆಯದಕ್ಕೆ ಹೋಗಬೇಕಾದರೆ, ಈ ಮನುಷ್ಯನನ್ನು ಮೊದಲೇ ಅನುಮಾನಿಸಲು ಬೇರೆ ಏನು ಕಾರಣವಿತ್ತು ಎಂದು ಹೇಳಬೇಕಾಗುತ್ತದೆ. ಬೇರೆ ಕಾರಣ ಗಟ್ಟಿಯಾಗಿದ್ದರೆ ನೂರಕ್ಕೊಂದರ ಹೊಂದಿಕೆ ಅದಕ್ಕೆ ಒತ್ತಾಸೆ ಕೊಡುತ್ತದೆ. ಇಲ್ಲದಿದ್ದರೆ 50 ಸಾವಿರದಲ್ಲಿ ಒಬ್ಬನನ್ನು ಹೆಸರು ಹಿಡಿದು ಕರೆದಂತಾಯಿತು, ಅಷ್ಟೆ.

ಹೊಂದಿಕೆಯಾದರೂ ಯಾವುದರ ಜೊತೆ? ಸಿಕರ್ಟ್‌ನ ಡಿಎನ್‌ಎ ಯಾರ ಬಳಿಯೂ ಇಲ್ಲ. ಆತನ ಶವವನ್ನು ದಹನ ಮಾಡಲಾಗಿತ್ತು. ಮಕ್ಕಳಿದ್ದರೂ ಉಪಯೋಗವಿಲ್ಲ, ತಂದೆಯ ಮೈಟೊಕಾಂಡ್ರಿಯ ಮಕ್ಕಳಿಗೆ ಹೋಗುವುದಿಲ್ಲ. ಅದೇ ಕಾರಣಕ್ಕೆ ತಮ್ಮಂದಿರ ಮಕ್ಕಳೂ ಲೆಕ್ಕಕ್ಕಿಲ್ಲ. ಆತನ ತಾಯಿ ಎಲಿನರ್, ಕೇಂಬ್ರಿಜ್‌ನ ಖಗೋಳಶಾಸ್ತ್ರಜ್ಞ ರಿಚರ್ಡ್ ಶೀಪ್‌ಶ್ಯಾಂಕ್ಸ್‌ಗೆ ನರ್ತಕಿಯೊಬ್ಬಳಲ್ಲಿ ಮದುವೆಯಾಚೆ ಹುಟ್ಟಿದ ಮಗಳು. ಸಿಕರ್ಟ್‌ನ ಮೈಟೊಕಾಂಡ್ರಿಯ ಬಂದದ್ದು ಆ ಖಗೋಳಜ್ಞನಿಂದಲ್ಲ, ಆ ನರ್ತಕಿಯಿಂದ. ಆಕೆಯ ಹೆಣ್ಣುಸಾಲನ್ನು ಹುಡುಕಿ ಇವತ್ತಿನವರೆಗೆ ತಂದರೆ ಮಾತ್ರ ನೇರ ಮಾದರಿ ಸಿಕ್ಕೀತು. ಅದರ ಬದಲು ತಜ್ಞರು ಹೋಲಿಸಿದ್ದು ಸಿಕರ್ಟ್ ಮತ್ತು ಆತನ ಮೊದಲ ಹೆಂಡತಿ ಎಲೆನ್ ಬರೆದ ಕಾಗದ, ಲಕೋಟೆಗಳ ಜೊತೆ. ಅವುಗಳಲ್ಲಿ ಸಿಕ್ಕಿದ್ದು ಹಲವರ ಡಿಎನ್‌ಎ ಕಲಸಿದ ಮಿಶ್ರಣ. ಆ ಮಿಶ್ರಣದೊಳಗೆ ಓಪನ್‌ಶಾ ಚೀಟಿಯ ಅಕ್ಷರಗಳೂ ಇದ್ದವು. ಬರೆದವನ ಜೊತೆಗೆ ಅಂಚೆಯವನು, ಸ್ವೀಕರಿಸಿದವನು, ಗ್ರಂಥಪಾಲಕ, ಸಂಶೋಧಕ ಎಲ್ಲರೂ ಮುಟ್ಟಿದ ಕಾಗದ ಅದು. ಮಿಶ್ರಣ ದೊಡ್ಡದಾದಷ್ಟೂ ಅದರಲ್ಲಿ ಬೇಕಾದ ಅಕ್ಷರ ಸಿಗುವುದು ಸಲೀಸು. ಇನ್ನು ಎಲೆನ್‌ಳ ಲಕೋಟೆಯ ಮೇಲೂ ಅದೇ ಗುರುತು ಸಿಕ್ಕಿತೆಂದರೆ ಅದು ಯಾರದು? ಗಂಡ ಹೆಂಡಿರಿಬ್ಬರಿಗೂ ಒಂದೇ ಮೈಟೊಕಾಂಡ್ರಿಯ ಬರುವುದಿಲ್ಲವಲ್ಲ.

ಈ ಡಿಎನ್‌ಎ ಜ್ವರ ಸಿಕರ್ಟ್‌ಗೇ ನಿಲ್ಲಲಿಲ್ಲ. 2014ರಲ್ಲಿ ಒಂದು ಹಳೆಯ ಶಾಲು ಸುದ್ದಿಗೆ ಬಂತು. ಅದು ಎಡ್ಡೋಸ್ ಶವದ ಬಳಿ ಸಿಕ್ಕಿದ್ದಂತೆ. ಆ ರಾತ್ರಿ ಪೊಲೀಸರು ಮಾಡಿದ ಪಟ್ಟಿಯಲ್ಲಿ ಮಾತ್ರ ಅದರ ಸುಳಿವಿಲ್ಲ. ಶಾಲಿನ ಮೇಲೆ ಎಡ್ಡೋಸ್ ವಂಶದ್ದೂ, ಆರನ್ ಕಾಸ್ಮಿನ್‌ಸ್ಕಿ ಎಂಬ ಪೋಲಿಷ್ ಯಹೂದಿ ಕ್ಷೌರಿಕನ ವಂಶದ್ದೂ ಮೈಟೊಕಾಂಡ್ರಿಯ ಇದೆ ಎಂದು ಲಿವರ್‌ಪೂಲ್‌ನ ವಿಜ್ಞಾನಿ ಜಾರಿ ಲೋಹೆಲೈನನ್ ಹೇಳಿದರು. ಎಡ್ಡೋಸ್ ಕಡೆಯ ಹೊಂದಿಕೆಗೆ ಅವರು ಹಿಡಿದದ್ದು ಒಂದು ಅಪರೂಪದ ಬದಲಾವಣೆ, 2 ಲಕ್ಷ 90 ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಇರುವಂಥದು. ಬೇರೆ ತಳಿವಿಜ್ಞಾನಿಗಳು ನೋಡಿ ತಲೆ ಚಚ್ಚಿಕೊಂಡರು. ಬದಲಾವಣೆಗೆ ಸಂಖ್ಯೆ ಕೊಡುವಾಗ 315.1ಸಿ ಎಂದಿರಬೇಕಾದದ್ದು 314.1ಸಿ ಎಂದಾಗಿತ್ತು. ಸರಿಯಾದ ಸಂಖ್ಯೆ ಹಾಕಿ ನೋಡಿದರೆ ಆ ಬದಲಾವಣೆ ಯೂರೋಪ್ ಮೂಲದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಜನರಲ್ಲಿದೆ. ಒಂದು ಅಂಕಿ ಪಕ್ಕಕ್ಕೆ ಸರಿದರೆ ಸಾಕು, ಲಕ್ಷದಲ್ಲಿ ಒಬ್ಬಳು ಹೋಗಿ ಬೀದಿಯಲ್ಲಿ ಹೋಗುವ ಯಾರಾದರೂ ಆಗುತ್ತಾರೆ.

ಕಾರ್ನ್‌ವೆಲ್ ಬಳಿ ಡಿಎನ್‌ಎಗಿಂತ ಗಟ್ಟಿಯಾದ ಒಂದು ಎಳೆ ಇತ್ತು ಎಂದು ನನಗನಿಸುತ್ತದೆ. ಅದು ಕಾಗದವೇ, ಬರಹವಲ್ಲ, ಹಾಳೆ. ಕಾಗದದ ಚರಿತ್ರೆ ಬಲ್ಲ ಪೀಟರ್ ಬೋವರ್ ನೀರಚ್ಚು ನೋಡಿದರು, ಹಾಳೆಗಳನ್ನು ಕತ್ತರಿಸಿದ ಅಂಚುಗಳನ್ನು ಅಳೆದರು. ಕಾಗದ ಕಾರ್ಖಾನೆಯ ಕತ್ತರಿ ಒಂದು ಕಟ್ಟನ್ನು ಒಟ್ಟಿಗೆ ಕತ್ತರಿಸುವಾಗ ಕೂದಲೆಳೆಯಷ್ಟು ಓರೆಯಾಗಿದ್ದರೂ ಆ ಓರೆ ಕಟ್ಟಿನ ಎಲ್ಲ ಹಾಳೆಗಳಲ್ಲೂ ಉಳಿಯುತ್ತದೆ. ಮುಂದಿನ ಕಟ್ಟಿನಲ್ಲಿ ಇನ್ನೊಂದು ಥರ. ಹೀಗೆ ಅಳೆದು, ಗರ್ನಿ ಐವರಿ ಲೇಡ್ ಎಂಬ ನೀರಚ್ಚಿನ ಎರಡು ರಿಪ್ಪರ್ ಕಾಗದಗಳೂ ಸಿಕರ್ಟ್‌ನ ಮೂರು ಖಾಸಗಿ ಪತ್ರಗಳೂ 24 ಹಾಳೆಗಳ ಒಂದೇ ಕಟ್ಟಿನಿಂದ ಬಂದವೆಂದು ಅವರು ತೀರ್ಮಾನಿಸಿದರು. ರೆಡಿಂಗ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ್ತಿ ಆನಾ ಗ್ರುಟ್ಸ್‌ನರ್ ರಾಬಿನ್ಸ್ ಕೂಡ ಕೆಲವು ರಿಪ್ಪರ್ ಕಾಗದಗಳ ಗೀಚು, ಕುಂಚದ ಎಳೆತದಲ್ಲಿ ಸಿಕರ್ಟ್‌ನ ಕೈ ಕಂಡರು. ಸಿಕರ್ಟ್‌ನ ಚಿತ್ರಗಳನ್ನು ದಶಕಗಳ ಕಾಲ ನೋಡಿದ ಕಣ್ಣು ಅದು.

ಸಿಕರ್ಟ್ ಒಂದೆರಡು ತುಂಟ ಕಾಗದ ಗೀಚಿದ್ದಿರಬಹುದು ಎಂಬುದನ್ನು ನಾನು ತಳ್ಳಿಹಾಕಲಾರೆ. ನಟನ ಗೀಳು, ಸುಳ್ಳು ಹೆಸರಿನ ಮೋಹ, ಪತ್ರಿಕೆಗಳ ಹುಚ್ಚು ಇದ್ದವನು. ರಂಗದ ಮೇಲೆ ಆತ ‘ಮಿಸ್ಟರ್ ನೀಮೊ’ ಎಂಬ ಹೆಸರನ್ನೂ ಹಾಕಿಕೊಂಡಿದ್ದ. 1888ರ ಅಕ್ಟೋಬರ್ 4ರ ಟೈಮ್ಸ್ ಪತ್ರಿಕೆಯಲ್ಲಿ ನೀಮೊ ಎಂಬ ರುಜುವಿನ ಒಂದು ಪತ್ರವೂ ಅಚ್ಚಾಗಿದೆ. ಸಿಕರ್ಟ್ ವಾದಿಗಳಿಗೆ ಅದೂ ಒಂದು ಸಾಕ್ಷಿ. ಪತ್ರವನ್ನು ಓದಿದರೆ ಮಾತ್ರ ಅದರ ಬರಹಗಾರ ತಾನು ಬಹುಕಾಲ ಇಂಡಿಯಾದಲ್ಲಿದ್ದವನು, ಪೌರ್ವಾತ್ಯ ಅಪರಾಧಿಗಳ ರೀತಿನೀತಿ ಬಲ್ಲವನು ಎಂದು ಹೇಳಿಕೊಂಡು, ಕೊಲೆಗಾರ ಮಲಯದವನೋ ಲಸ್ಕರ್ ಹಡಗಾಳೋ ಆಗಿರಬೇಕೆಂದು ಊಹಿಸುತ್ತಾನೆ. ಇಂಡಿಯಾದಲ್ಲಿ ಕೆಲಸ ಮಾಡಿ ಊರಿಗೆ ಮರಳಿದ ಯಾವನೋ ಸಾಹೇಬನ ಪೂರ್ವಗ್ರಹ ಎಂದು ಬೇರೆ ಹೇಳಬೇಕಿಲ್ಲ. ಹೆಸರಿಲ್ಲದೆ ಬರೆಯುವವರಿಗೆ ನೀಮೊ ಅಂದು ಸಿದ್ಧ ಮುಖವಾಡವಾಗಿತ್ತು.

ಕಾಗದ ಸಿಕರ್ಟ್‌ನದೇ ಎಂದು ಒಪ್ಪಿದೆವು ಎಂದುಕೊಳ್ಳಿ. ಕಾಗದ ಬರೆದದ್ದು ಸಾಬೀತಾಯಿತು. ಕೊಲೆ? ಬ್ರ್ಯಾಡ್‌ಫರ್ಡ್ ಯುವತಿಯೂ ಬರೆದಿದ್ದಳು.

ಯಾವ ಪೊಲೀಸನಾದರೂ ಮೊದಲು ಕೇಳುವ ಪ್ರಶ್ನೆಯನ್ನು ಈ ಪುಸ್ತಕಗಳು ಕೊನೆಗೆ ತಳ್ಳುತ್ತವೆ: ಆ ದಿನಗಳಲ್ಲಿ ಈ ಮನುಷ್ಯ ಎಲ್ಲಿದ್ದ? ಸಿಕರ್ಟ್‌ನ ಜೀವನಚರಿತ್ರೆ ಬರೆದ ಮ್ಯಾಥ್ಯೂ ಸ್ಟರ್ಜಿಸ್ ಮನೆಯವರ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿದರು. 1888ರ ಸೆಪ್ಟೆಂಬರ್ 6ರಂದು ತಾಯಿ ಎಲಿನರ್ ಫ್ರಾನ್ಸಿನ ಕರಾವಳಿಯ ಸೇಂಟ್ ವ್ಯಾಲರಿಯಿಂದ ಬರೆಯುತ್ತಾಳೆ: ಮಕ್ಕಳು ಈಜುತ್ತಿದ್ದಾರೆ, ಚಿತ್ರ ಬಿಡಿಸುತ್ತಿದ್ದಾರೆ, ಖುಷಿಯಾಗಿದ್ದಾರೆ. ಸೆಪ್ಟೆಂಬರ್ 16ರಂದು ಫ್ರೆಂಚ್ ಚಿತ್ರಕಾರ ಜ್ಯಾಕ್ ಎಮಿಲ್ ಬ್ಲಾನ್ಶ್ ಸಿಕರ್ಟ್‌ನನ್ನು ಅಲ್ಲಿ ಕಂಡು ಬಂದದ್ದನ್ನು ತನ್ನ ತಂದೆಗೆ ಬರೆಯುತ್ತಾನೆ. ಸೆಪ್ಟೆಂಬರ್ 21ರಂದು ಎಲೆನ್, ತನ್ನ ಗಂಡ ಕೆಲವು ವಾರಗಳಿಂದ ಫ್ರಾನ್ಸಿನಲ್ಲಿದ್ದಾನೆ ಎನ್ನುತ್ತಾಳೆ. ಫ್ರಾನ್ಸಿನ ಡಿಯೆಪ್ ಊರಿನ ಒಂದು ಕೆಂಪು ಅಂಗಡಿಯ ಮೇಲೆ ಬಿಸಿಲು ಬಿದ್ದ, ಸಿಕರ್ಟ್ ಬಿಡಿಸಿದ ಚಿತ್ರವೊಂದಿದೆ. ಅಕ್ಟೋಬರ್ ಸೂರ್ಯ ಎಂಬುದು ಅದರ ಇನ್ನೊಂದು ಹೆಸರು.

ಇವು ಒಂದೊಂದು ರಾತ್ರಿಗೂ ಚೀಟಿ ಹರಿದು ಕೊಡುವ ಸಾಕ್ಷ್ಯಗಳಲ್ಲ. ಕೊಲೆ ನಡೆದ ಸೆಪ್ಟೆಂಬರ್ 30ರ ರಾತ್ರಿ ಎಲ್ಲಿದ್ದ ಎಂದು ಇವುಗಳಲ್ಲಿಲ್ಲ. ನವೆಂಬರ್ ಹೊತ್ತಿಗಂತೂ ಕಡತ ಬರಿದು. ಡಿಯೆಪ್‌ನಿಂದ ಇಂಗ್ಲೆಂಡಿನ ನ್ಯೂಹೇವನ್‌ಗೆ ಹಡಗುಗಳಿದ್ದವು, ಸದ್ದಿಲ್ಲದೆ ಬಂದು ಹೋಗಿರಬಹುದಲ್ಲ ಎಂಬುದು ಎದುರುವಾದ. ಬರಬಹುದಿತ್ತು. ಆದರೆ ಆ ವಾದವನ್ನು ಪೂರ್ತಿ ಬಿಚ್ಚಿ ನೋಡಿ: ತಾಯಿ, ತಮ್ಮನ ಜೊತೆ ರಜೆಯಲ್ಲಿರುವವನು ಮತ್ತೆ ಮತ್ತೆ ಕಡಲು ದಾಟಿ, ರೈಲು ಹಿಡಿದು, ವೈಟ್‌ಚಾಪೆಲ್ ಗಲ್ಲಿಗೆ ಹೋಗಿ, ರಕ್ತ ತೊಳೆದುಕೊಂಡು, ಯಾರಿಗೂ ಗೊತ್ತಾಗದ ಹಾಗೆ ಮರಳಿ ಬಂದು ಈಜಬೇಕು. ಆತ ಲಂಡನ್ನಿನಲ್ಲಿದ್ದ ಎಂಬುದಕ್ಕೆ ಒಂದು ಟಿಕೆಟ್ಟು, ಒಂದು ಡೈರಿ ಸಾಲು, ಒಬ್ಬ ಸಾಕ್ಷಿ ಬೇಕಲ್ಲ? ಆಗುವುದು ಅಸಾಧ್ಯವಲ್ಲ ಎಂಬುದನ್ನೇ ಆಯಿತು ಎಂದು ಬರೆಯುವುದು ಈ ಬಗೆಯ ಪುಸ್ತಕಗಳ ಕೈಚಳಕ. ಅಂದ ಹಾಗೆ, ಪೊಲೀಸ್ ಅಧಿಕಾರಿ ಮ್ಯಾಕ್‌ನಾಟನ್ 1894ರ ಟಿಪ್ಪಣಿಯಲ್ಲಿ ಹೆಸರಿಸಿದ ಮೂವರು ಶಂಕಿತರಲ್ಲಿ ಒಬ್ಬನಾದ ಮೈಕೆಲ್ ಆಸ್ಟ್ರಾಗ್ ಕೂಡ ಆಗ ಫ್ರಾನ್ಸಿನಲ್ಲೇ ಇದ್ದ. ಜೈಲಿನಲ್ಲಿ!

ಉದ್ದೇಶದ ಮಾತು ಇನ್ನೂ ಸಡಿಲ. ಸಿಕರ್ಟ್ ಮಗುವಾಗಿದ್ದಾಗ ಫಿಸ್ಟುಲಾ ಎಂಬ ನಾಳದ ಹುಣ್ಣಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಅದು ಜನನಾಂಗದ್ದು, ಅದರಿಂದ ಆತ ಗಂಡಸುತನ ಕಳೆದುಕೊಂಡ, ಆ ಸಿಟ್ಟನ್ನು ಹೆಂಗಸರ ಮೇಲೆ ತೀರಿಸಿಕೊಂಡ ಎಂಬುದು ಕಾರ್ನ್‌ವೆಲ್ ಕಟ್ಟಿದ ಕಥೆ. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ನಡೆದ ಸೇಂಟ್ ಮಾರ್ಕ್ಸ್ ಆಸ್ಪತ್ರೆ ಗುದದ್ವಾರದ ರೋಗಗಳಿಗೆ ಹೆಸರಾದದ್ದು. ಎಲೆನ್ 1899ರಲ್ಲಿ ವಿಚ್ಛೇದನ ಪಡೆದದ್ದು ಗಂಡನ ಪರಸ್ತ್ರೀ ಸಂಗದ ಕಾರಣಕ್ಕೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಉಳಿದದ್ದು ಚಿತ್ರಗಳು. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಶುರುವಾದದ್ದೇ ಚಿತ್ರಗಳಿಂದ. ಸಿಕರ್ಟ್ ಲಂಡನ್ನಿನ ಮಾರ್ನಿಂಗ್‌ಟನ್ ಕ್ರೆಸೆಂಟ್‌ನಲ್ಲಿ ಬಾಡಿಗೆಗಿದ್ದಾಗ ಮನೆಯೊಡತಿ ಒಂದು ಗುಟ್ಟು ಹೇಳಿದಳಂತೆ: ಈ ಕೋಣೆಯಲ್ಲಿ ಹಿಂದೆ ಪಶುವೈದ್ಯ ಓದುತ್ತಿದ್ದ ಹುಡುಗನೊಬ್ಬ ಇದ್ದ, ಅವನೇ ರಿಪ್ಪರ್. ಸಿಕರ್ಟ್‌ಗೆ ಇಂಥ ಕಥೆ ಸಿಕ್ಕರೆ ಬಿಟ್ಟಾನೆಯೇ? ಊಟದ ಮೇಜುಗಳಲ್ಲಿ ಹೇಳಿದ್ದೇ ಹೇಳಿದ್ದು. ಆ ಕೋಣೆಯನ್ನು ಬರೆದ ಚಿತ್ರ ಮ್ಯಾಂಚೆಸ್ಟರ್ ಗ್ಯಾಲರಿಯಲ್ಲಿದೆ, ‘ಜ್ಯಾಕ್ ದ ರಿಪ್ಪರ್‌ನ ಮಲಗುವ ಕೋಣೆ’ ಎಂಬ ಹೆಸರಿನಲ್ಲಿ. ತೆರೆದ ಬಾಗಿಲಿನಾಚೆ ಕಂದು ಕತ್ತಲು, ಕಿಟಕಿಯಿಂದ ಸೋಸಿ ಬರುವ ಮಂಕು ಬೆಳಕು, ಒಂದಿಷ್ಟು ಸಾಮಾನು. ಮನುಷ್ಯರಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಚಿತ್ರಕಾರ ಹೆಗಲು ಮುಟ್ಟಿಕೊಂಡ ಎಂದು ನೋಡುವವರು ತೀರ್ಮಾನಿಸಿಬಿಟ್ಟರು. ಅಡಗಿ ಬದುಕಬೇಕಾದ ಕೊಲೆಗಾರ ತನ್ನ ಕ್ಯಾನ್ವಾಸಿಗೆ ಇಂಥ ಹೆಸರಿಡುವನೇ ಎಂದು ಕೇಳಿದರೆ, ಅದು ಆತನ ಅಹಂಕಾರ ಎನ್ನುತ್ತಾರೆ. ಹೆಸರಿಡದಿದ್ದರೆ ಮುಚ್ಚಿಟ್ಟ ಎನ್ನುತ್ತಿದ್ದರು. ಯಾವ ಉತ್ತರ ಬಂದರೂ ಗೆಲ್ಲುವ ವಾದಕ್ಕೆ ವಿಜ್ಞಾನದಲ್ಲಿ ಜಾಗವಿಲ್ಲ.

ಇನ್ನೊಂದು ಚಿತ್ರ ಅಮೆರಿಕದ ಯೇಲ್ ಸಂಗ್ರಹದಲ್ಲಿದೆ, ಸುಮಾರು 1908ರದು. ಕಬ್ಬಿಣದ ಮಂಚದ ಅಂಚಿನಲ್ಲಿ ಬಟ್ಟೆ ತೊಟ್ಟ ಗಂಡಸು ತಲೆ ತಗ್ಗಿಸಿ, ಕೈಗಳನ್ನು ಹೆಣೆದು ಕೂತಿದ್ದಾನೆ. ಹಿಂದೆ ಬೆತ್ತಲೆ ಹೆಂಗಸು ಮುಖ ಆಚೆ ತಿರುಗಿಸಿ ಮಲಗಿದ್ದಾಳೆ. ಸತ್ತಿದ್ದಾಳೆಯೇ, ನಿದ್ದೆಯೇ, ಮುನಿಸೇ? ಚಿತ್ರಕ್ಕೆ ಎರಡು ಹೆಸರಿವೆ. ಒಂದು ‘ಕ್ಯಾಮ್ಡೆನ್ ಟೌನ್ ಕೊಲೆ’. ಇನ್ನೊಂದು ‘ಬಾಡಿಗೆಗೆ ಏನು ಮಾಡೋಣ?’. ಮೊದಲ ಹೆಸರಿನಲ್ಲಿ ನೋಡಿದರೆ ಅವನು ಕೊಲೆಗಾರ, ಎರಡನೆಯದರಲ್ಲಿ ಕೆಲಸ ಕಳೆದುಕೊಂಡ ಗಂಡ. ಬಣ್ಣ, ಗೆರೆ ಅಲ್ಲಾಡಿಲ್ಲ. ಸಿಕರ್ಟ್ ಆಡಿದ ಆಟವೇ ಇದು, ಅದನ್ನು ಅರ್ಥ ಮಾಡಿಕೊಳ್ಳದೆ ಚಿತ್ರವನ್ನು ಪಂಚನಾಮೆಯಂತೆ ಓದುವುದು ನನಗೆ ಕಲೆಗೂ ತನಿಖೆಗೂ ಮಾಡಿ‌ದ ಅನ್ಯಾಯವೆನಿಸುತ್ತದೆ. ಸಿಕರ್ಟ್‌ನ ಕೆಲವು ಹೆಂಗಸರ ಭಂಗಿ ಕೆಲ್ಲಿಯ ಶವದ ಫೋಟೋವನ್ನು ನೆನಪಿಸುತ್ತದೆ, ನೋಡದೆ ಬರೆಯಲು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಆ ಫೋಟೋವನ್ನು ಲಿಯಾನ್‌ನ ಅಪರಾಧವಿಜ್ಞಾನಿ ಲಕಸಾನ್ 1899ರಲ್ಲೇ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಸಿಕರ್ಟ್ ಆಗ ಫ್ರಾನ್ಸಿನಲ್ಲೇ ಮನೆ ಮಾಡಿಕೊಂಡಿದ್ದ.

ಕಾರ್ನ್‌ವೆಲ್‌ಗೂ ಮೊದಲು ಸಿಕರ್ಟ್‌ನನ್ನು ಈ ಕೇಸಿಗೆ ಎಳೆದವರಲ್ಲಿ ಇಬ್ಬರು ಮುಖ್ಯರು. 1976ರಲ್ಲಿ ಸ್ಟೀಫನ್ ನೈಟ್ ರಾಜಮನೆತನ, ರಾಜವೈದ್ಯ ವಿಲಿಯಂ ಗಲ್, ಸಿಕರ್ಟ್ ಎಲ್ಲರನ್ನೂ ಒಂದೇ ಸಾರೋಟಿನಲ್ಲಿ ಕೂರಿಸಿದ. ಮೂಲ ಒಬ್ಬನೇ, ತಾನು ಸಿಕರ್ಟ್‌ನ ಮಗನೆಂದು ಹೇಳಿಕೊಂಡ ಜೋಸೆಫ್ ಗೋರ್ಮನ್. ರಿಪ್ಪರ್ ಭಾಗ ತನ್ನ ಕಟ್ಟುಕಥೆ ಎಂದು ಆತನೇ 1978ರಲ್ಲಿ ಪತ್ರಿಕೆಗೆ ಹೇಳಿದ. 1990ರಲ್ಲಿ ಜೀನ್ ಓವರ್‌ಟನ್ ಫುಲ್ಲರ್ ಬರೆದದ್ದು, ಸಿಕರ್ಟ್‌ನ ಗೆಳತಿಯೊಬ್ಬಳು ಫುಲ್ಲರ್ ತಾಯಿಗೆ ಹೇಳಿದ್ದನ್ನು. ಅಂತೆಕಂತೆಗಳ ಸಂತೆ.

ಸಿಕರ್ಟ್ ಒಬ್ಬನೇ ಅಲ್ಲ. ‘ಆಲಿಸ್’ ಬರೆದ ಲೂಯಿಸ್ ಕ್ಯಾರಲ್ ರಿಪ್ಪರ್ ಎಂದು ರಿಚರ್ಡ್ ವ್ಯಾಲೇಸ್ 1996ರಲ್ಲಿ ಬರೆದ. ಕ್ಯಾರಲ್‌ನ ಸಾಲುಗಳ ಅಕ್ಷರಗಳನ್ನು ಅದಲುಬದಲು ಮಾಡಿದರೆ ತಪ್ಪೊಪ್ಪಿಗೆ ಬರುತ್ತದಂತೆ. ಹಾರ್ಪರ್ಸ್ ಪತ್ರಿಕೆಯ ಇಬ್ಬರು ಓದುಗರು ವ್ಯಾಲೇಸನದೇ ಸಾಲುಗಳ ಅಕ್ಷರ ಕಲಸಿ, ವ್ಯಾಲೇಸನೇ ಅಮೆರಿಕದ ಒಂದು ಪ್ರಸಿದ್ಧ ಕೊಲೆ ಮಾಡಿದೆನೆಂದು ಒಪ್ಪಿಕೊಳ್ಳುವ ಹಾಗೆ ಬರೆದು ಕಳಿಸಿದರು. ಇದಕ್ಕಿಂತ ಒಳ್ಳೆಯ ನಿಯಂತ್ರಣ ಪ್ರಯೋಗವನ್ನು ನಾನು ಪಠ್ಯಪುಸ್ತಕಗಳಲ್ಲೂ ಕಂಡಿಲ್ಲ. ವಿನ್ಸೆಂಟ್ ವ್ಯಾನ್ ಗೋ ಮೇಲೂ ಆರೋಪ ಬಂದಿದೆ. 1888ರಲ್ಲಿ ಆತ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಕೂತು ತಮ್ಮನಿಗೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದ, ಚಿತ್ರದ ಮೇಲೆ ಚಿತ್ರ ಮುಗಿಸುತ್ತಿದ್ದ.

ಯಾಕೆ ಹೀಗೆ ಕಲಾವಿದರೇ? ಪ್ರಸಿದ್ಧರ ಹೆಸರಿಗೆ ಪುಸ್ತಕ ಮಾರಾಟವಾಗುತ್ತದೆ ಎಂಬುದು ಅರ್ಧ ಉತ್ತರ. ಉಳಿದರ್ಧ ಅಂಕಿಅಂಶ ಶಾಸ್ತ್ರದ್ದು. ಹೋಲಿಸಿ ನೋಡಲು ಏನಾದರೂ ಉಳಿದಿರಬೇಕು. ಸಿಕರ್ಟ್‌ನ ಪತ್ರ, ಲಕೋಟೆ, ಅಂಚೆಚೀಟಿ, ಸ್ಕೆಚ್ಚು, ಬಿಲ್ಲು, ಆತನ ತಾಯಿ ಹೆಂಡತಿಯರ ಕಾಗದಗಳನ್ನೂ ಗ್ರಂಥಾಲಯಗಳು ಜೋಪಾನ ಮಾಡಿವೆ, ಆತ ಪ್ರಸಿದ್ಧನಾದ್ದರಿಂದ. ವೈಟ್‌ಚಾಪೆಲ್‌ನ ಛತ್ರಗಳಲ್ಲಿ ಒಂದು ರಾತ್ರಿಗೆ ನಾಲ್ಕು ಪೆನ್ನಿ ಕೊಟ್ಟು ಮಲಗುತ್ತಿದ್ದ ಕೂಲಿಯವನ ಒಂದು ಚೀಟಿಯೂ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಕಾಗದದ ಕಟ್ಟು, ನೀರಚ್ಚು, ಎಂಜಲು, ಕೈಬರಹ, ಭಂಗಿ, ಅಡ್ಡಹೆಸರು ಎಂದು ನೂರು ಕಡೆ ಹೋಲಿಸಿದರೆ ಹತ್ತು ಕಡೆ ಹೊಂದಿಕೆ ಸಿಕ್ಕೇ ಸಿಗುತ್ತದೆ. ಯಾರನ್ನು ಹಿಡಿದು ಕೂರಿಸಿದರೂ ಸಿಗುತ್ತದೆ. ಆದರೆ ನೂರು ಕಡೆ ಹೋಲಿಸಲು ಆಗುವುದು ಕಡತ ದಪ್ಪವಾಗಿದ್ದವನನ್ನು ಮಾತ್ರ. ಹಾಗಾಗಿ ಈ ವಿಧಾನ ಹಿಡಿದು ಹೊರಟವರಿಗೆ ಕೊನೆಗೆ ಸಿಗುವುದು ಕೊಲೆಗಾರನಲ್ಲ, ದಾಖಲೆ ಚೆನ್ನಾಗಿ ಉಳಿದ ಮನುಷ್ಯ. ಕಾರ್ನ್‌ವೆಲ್ 2017ರಲ್ಲಿ ಪುಸ್ತಕವನ್ನು ತಿದ್ದಿ ಹಿಗ್ಗಿಸಿ ಮತ್ತೆ ತಂದರು. ಆರೋಪಿ ಬದಲಾಗಲಿಲ್ಲ.

ಕಾಗದದಿಂದ ಕೊಲೆಗೆ ಹಾರುವ ಈ ತರ್ಕವನ್ನು ನಿಜವಾದ ಕೋರ್ಟೊಂದು ಒಮ್ಮೆ ತೂಗಿ ನೋಡಿದ್ದುಂಟು. 1907ರ ಸೆಪ್ಟೆಂಬರ್‌ನಲ್ಲಿ ಕ್ಯಾಮ್ಡೆನ್ ಟೌನ್‌ನಲ್ಲಿ ಎಮಿಲಿ ಡಿಮಾಕ್ ಎಂಬ ಯುವತಿಯ ಕತ್ತು ಕೊಯ್ದಿದ್ದರು. ಸಿಕರ್ಟ್‌ನ ಚಿತ್ರಮಾಲೆಗೆ ಹೆಸರು ಬಂದದ್ದು ಈ ಕೊಲೆಯಿಂದಲೇ. ಆಕೆಯ ಕೋಣೆಯಲ್ಲಿ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿತು. ಭೇಟಿಯಾಗಬೇಕಾದ ಹೆಂಡದಂಗಡಿಯ ಹೆಸರಿನ ಬದಲು ಮೂಡುವ ಸೂರ್ಯನ ಪುಟ್ಟ ಚಿತ್ರ ಬಿಡಿಸಿತ್ತು. ಪತ್ರಿಕೆಗಳು ಕಾರ್ಡಿನ ಪಡಿಯಚ್ಚು ಹಾಕಿದವು, ಒಬ್ಬ ಹುಡುಗಿ ತನ್ನ ಗೆಳೆಯನ ಕೈಬರಹವನ್ನು ಗುರುತಿಸಿದಳು. ಅವನ ಹೆಸರು ರಾಬರ್ಟ್ ವುಡ್, ಗಾಜಿನ ಮೇಲಿನ ವಿನ್ಯಾಸಗಳನ್ನು ಬಿಡಿಸುವ ಕಲಾವಿದ. ಕಾರ್ಡು ನನ್ನದೇ ಎಂದು ಒಪ್ಪಿಕೊಂಡ. ಕೊಲೆಗೆ ಮುಂಚೆ ಆಕೆಯ ಜೊತೆ ಇದ್ದದ್ದೂ ನಿಜ, ಸುಳ್ಳು ಹೇಳುವಂತೆ ಗೆಳತಿಯನ್ನು ಕೇಳಿಕೊಂಡದ್ದೂ ನಿಜ. ಸಿಕರ್ಟ್ ಮೇಲೆ ಇರುವ ಪುರಾವೆಗಿಂತ ಹತ್ತು ಪಾಲು ಹೆಚ್ಚು. ವುಡ್ ಪರ ವಕೀಲ ಮಾರ್ಷಲ್ ಹಾಲ್ ಆ ಡಿಸೆಂಬರ್‌ನಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಜಾಲಾಡಿದ. ಆರೋಪಿಯೇ ಕಟಕಟೆ ಹತ್ತಿ ತನ್ನ ಪರ ಹೇಳಿಕೆ ಕೊಟ್ಟ. ಜ್ಯೂರಿಗಳು ಒಳಗೆ ಹೋಗಿ ಸುಮಾರು ಕಾಲು ಗಂಟೆಯಲ್ಲಿ ಹೊರಬಂದು ನಿರ್ದೋಷಿ ಎಂದರು. ಡಿಮಾಕ್‌ಳನ್ನು ಕೊಂದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.